ರೂಟರ್ ಇಲ್ಲದೆ ಮನೆಯ ಕಂಪ್ಯೂಟರ್‌ಗಳನ್ನು ವೈಫೈಯಲ್ಲಿ ಜೋಡಿಸುವುದು: ಸಮಗ್ರ ಮಾರ್ಗದರ್ಶಿ

ಮೈಸೂರಿನ ಕುವೆಂಪುನಗರದ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ನಡುಮನೆಯ ಮೂಲೆಯಲ್ಲಿ ಹಳೆಯ ಡೆಸ್ಕ್‌ಟಾಪ್. ಮನೆಯವರ ಫೋಟೊ, ಮದುವೆಯ ವಿಡಿಯೊ, ತೆರಿಗೆಯ ಕಾಗದಪತ್ರ ಎಲ್ಲ ಅದರಲ್ಲೇ. ಮಹಡಿಯ ಕೋಣೆಯಲ್ಲಿ ಓದುವ ಮಕ್ಕಳ ಲ್ಯಾಪ್‌ಟಾಪ್. ಇಂಟರ್ನೆಟ್ಟಿಗೆ ಮೊಬೈಲ್ ಡೇಟಾ ಸಾಕು ಎಂದು ಬ್ರಾಡ್‌ಬ್ಯಾಂಡ್ ಹಾಕಿಸಿಲ್ಲ, ಹಾಗಾಗಿ ರೂಟರೂ ಇಲ್ಲ. ಒಂದು ಫೈಲ್ ಮೇಲಿಂದ ಕೆಳಕ್ಕೆ ಬರಬೇಕಾದರೆ ಪೆನ್‌ಡ್ರೈವ್ ಹಿಡಿದು ಮೆಟ್ಟಿಲಿಳಿಯಬೇಕು. ಮಂಡ್ಯದ ಕಡೆ ತೋಟದ ಲೆಕ್ಕ, ಸೊಸೈಟಿಯ ಲೆಕ್ಕ ಇಟ್ಟುಕೊಳ್ಳುವ ಮನೆಗಳಲ್ಲೂ ಇದೇ ಕಥೆ.

ಎರಡೂ ಯಂತ್ರಗಳಲ್ಲಿ ವೈಫೈ ಇದ್ದರೆ ಇನ್ನೇನನ್ನೂ ಕೊಳ್ಳದೆ ಅವನ್ನು ಒಂದಕ್ಕೊಂದು ಜೋಡಿಸಬಹುದು. ಫೈಲುಗಳು ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಮೊಬೈಲ್ ಡೇಟಾ ಒಂದು ಎಂಬಿಯೂ ಖರ್ಚಾಗುವುದಿಲ್ಲ. ಆ ಓಡಾಟವೆಲ್ಲ ನಿಮ್ಮ ಮನೆಯೊಳಗೇ ನಡೆಯುತ್ತದೆ.

ಕೆಲಸಕ್ಕೆ ಇಳಿಯುವ ಮುಂಚೆ ಒಂದು ಮಾತು. ಈ ಜೋಡಣೆಯಲ್ಲಿ ಮೂರು ಪದರಗಳಿವೆ: ಸಂಪರ್ಕ, ವಿಳಾಸ, ಅನುಮತಿ. ವೈಫೈ ಹಿಡಿಯಿತೇ? ಯಂತ್ರಕ್ಕೆ ಸರಿಯಾದ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಆ ಯಂತ್ರವನ್ನು ಗುರುತಿಸುವ ಅಂಕಿಗಳು) ಸಿಕ್ಕಿತೇ? ಫೋಲ್ಡರ್ ತೆರೆಯಲು ಒಪ್ಪಿಗೆ ಇದೆಯೇ? ಒಂದನ್ನು ಪರೀಕ್ಷಿಸಿ ಮುಗಿಸಿದ ಮೇಲೆ ಮುಂದಿನದಕ್ಕೆ ಹೋಗಿ. ಬಹಳ ಮಂದಿ ಮೂರನೆಯ ಪದರದ ತೊಂದರೆಗೆ ಮೊದಲನೆಯದನ್ನು ಕೆದಕುತ್ತಾ ಕೂರುತ್ತಾರೆ. ಪಾಸ್‌ವರ್ಡ್ ಬದಲಿಸುತ್ತಾರೆ, ಡ್ರೈವರ್ (ವೈಫೈ ಕಾರ್ಡನ್ನು ನಡೆಸುವ ತಂತ್ರಾಂಶ) ಕಿತ್ತು ಮತ್ತೆ ಹಾಕುತ್ತಾರೆ, ಕೊನೆಗೆ ಕೈಚೆಲ್ಲುತ್ತಾರೆ.

ರೂಟರ್ ಮಾಡುವ ಕೆಲಸವನ್ನು ಯಾರು ಮಾಡಬೇಕು?

ರೂಟರ್ ಎಂಬ ಪೆಟ್ಟಿಗೆ ಮನೆಯಲ್ಲಿ ಮೂರು ಕೆಲಸ ಮಾಡುತ್ತದೆ. ವೈಫೈ ಹೆಸರನ್ನು ಗಾಳಿಯಲ್ಲಿ ಸಾರುತ್ತದೆ, ಬಂದು ಸೇರಿದ ಪ್ರತಿ ಯಂತ್ರಕ್ಕೂ ಒಂದೊಂದು ವಿಳಾಸ ಕೊಡುತ್ತದೆ, ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸುತ್ತದೆ. ರೂಟರ್ ಇಲ್ಲವೆಂದರೆ ಈ ಮೂರನ್ನೂ ನಿಮ್ಮ ಯಂತ್ರಗಳಲ್ಲೊಂದು ವಹಿಸಿಕೊಳ್ಳಬೇಕು. ಆ ಯಂತ್ರವನ್ನು ಇಲ್ಲಿ ಯಜಮಾನ ಎಂದು ಕರೆಯೋಣ.

ಹಳೆಯ ಲೇಖನ, ವಿಡಿಯೊಗಳಲ್ಲಿ ‘ಅಡ್‌ಹಾಕ್ ನೆಟ್‌ವರ್ಕ್’ ಎಂಬ ಹೆಸರು ಸಿಗುತ್ತದೆ. ಅದರಲ್ಲಿ ಯಜಮಾನ ಎಂಬವರಿಲ್ಲ, ಎಲ್ಲ ಯಂತ್ರಗಳೂ ಸಮಾನ. ವಿಂಡೋಸ್ ಎಕ್ಸ್‌ಪಿ, ವಿಸ್ತಾ, 7ರ ಕಾಲದಲ್ಲಿ ಅದಕ್ಕೊಂದು ಮೆನು ಇತ್ತು. ವಿಂಡೋಸ್ 8ರಲ್ಲಿ ಆ ಮೆನು ಹೋಯಿತು. ಇದ್ದಾಗಲೂ ಅದರ ವೇಗ ಹೆಚ್ಚಾಗಿ 11 ಎಂಬಿಪಿಎಸ್‌ಗೆ (ಸೆಕೆಂಡಿಗೆ ಇಷ್ಟು ಮೆಗಾಬಿಟ್; 8 ಮೆಗಾಬಿಟ್ ಸೇರಿದರೆ ಫೈಲಿನ 1 ಎಂಬಿ) ನಿಲ್ಲುತ್ತಿತ್ತು, ಭದ್ರತೆಗೆ ಎಷ್ಟೋ ಕಾರ್ಡುಗಳಲ್ಲಿ ಸುಲಭವಾಗಿ ಮುರಿಯಬಹುದಾದ ವೆಪ್ ಬೀಗವೇ ಗತಿಯಾಗಿತ್ತು. ಅದನ್ನು ಹುಡುಕಿಕೊಂಡು ಹೋಗಬೇಡಿ. ಈಗಿನ ದಾರಿ ಹಾಟ್‌ಸ್ಪಾಟ್, ಅಂದರೆ ಯಜಮಾನ ಯಂತ್ರವೇ ವೈಫೈ ಸಾರಿ ಉಳಿದವನ್ನು ಸೇರಿಸಿಕೊಳ್ಳುವುದು.

ಇನ್ನೊಂದು ಮಾತು. ಎರಡೂ ಕಂಪ್ಯೂಟರ್ ಒಂದೇ ಮೇಜಿನ ಮೇಲಿದ್ದರೆ ವೈಫೈಯ ಹಂಗೇ ಬೇಡ. 2–3 ಮೀಟರಿನ ಕ್ಯಾಟ್ 5ಇ ಅಥವಾ ಕ್ಯಾಟ್ 6 ಲ್ಯಾನ್ ಕೇಬಲ್ ಒಂದನ್ನು ನೇರವಾಗಿ ಎರಡಕ್ಕೂ ಚುಚ್ಚಿ. ಗಿಗಾಬಿಟ್ ಪೋರ್ಟುಗಳು ಯಾವ ತಂತಿ ಎತ್ತ ಹೋಗಬೇಕೆಂಬುದನ್ನು ತಾವೇ ಸರಿಹೊಂದಿಸಿಕೊಳ್ಳುವುದರಿಂದ ಕ್ರಾಸ್ ಕೇಬಲ್ ಬೇಕಿಲ್ಲ. ಸೆಕೆಂಡಿಗೆ 100 ಎಂಬಿಗೂ ಮೀರಿದ ವೇಗ ಸಿಗುತ್ತದೆ. ಮುಂದೆ ಹೇಳುವ ವಿಳಾಸ ಮತ್ತು ಅನುಮತಿಯ ಪಾಠ ಅದಕ್ಕೂ ಹೊಂದುತ್ತದೆ.

ಯಜಮಾನನ ಆಯ್ಕೆ

ಯಾವ ಯಂತ್ರದಲ್ಲಿ ಹಂಚಬೇಕಾದ ಫೈಲುಗಳಿವೆಯೋ ಅದೇ ಯಜಮಾನನಾಗಲಿ. ಇದಕ್ಕೆ ಗಟ್ಟಿ ಕಾರಣವಿದೆ. ಮೂರು ಯಂತ್ರಗಳಿದ್ದು, ಯಜಮಾನ ಬೇರೆ, ಫೈಲಿರುವ ಯಂತ್ರ ಬೇರೆ, ನೀವು ಕೂತಿರುವ ಯಂತ್ರವೂ ಬೇರೆ ಆದರೆ ಪ್ರತಿ ಫೈಲೂ ಗಾಳಿಯಲ್ಲಿ ಎರಡು ಸಲ ಸಾಗಬೇಕು: ಮೊದಲು ಯಜಮಾನನಿಗೆ, ಅಲ್ಲಿಂದ ನಿಮಗೆ. ಒಂದೇ ಚಾನೆಲ್ಲಿನಲ್ಲಿ ಎರಡು ಓಡಾಟ ಎಂದರೆ ವೇಗ ಅರ್ಧಕ್ಕೆ ಇಳಿಯುತ್ತದೆ.

ಎರಡರಲ್ಲೂ ಫೈಲುಗಳಿದ್ದರೆ ಲ್ಯಾಪ್‌ಟಾಪನ್ನು ಆರಿಸಿ. ಕರೆಂಟ್ ಹೋದರೂ ಬ್ಯಾಟರಿಯ ಮೇಲೆ ನೆಟ್‌ವರ್ಕ್ ನಿಂತಿರುತ್ತದೆ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಯಜಮಾನನಾಗಿದ್ದು, ದೊಡ್ಡ ಫೈಲ್ ಅರ್ಧ ಹೋಗಿರುವಾಗ ಕರೆಂಟ್ ಹೋದರೆ ಆ ನಕಲು ಕೆಟ್ಟಂತೆಯೇ. ಮಳೆಗಾಲದ ಸಂಜೆಗಳಲ್ಲಿ ಇದನ್ನು ನೆನಪಿಡಿ.

ಡೆಸ್ಕ್‌ಟಾಪಿಗೆ ವೈಫೈ ಇಲ್ಲದಿದ್ದರೆ ಯುಎಸ್‌ಬಿ ವೈಫೈ ಅಡಾಪ್ಟರ್ ಬೇಕು. ಉಗುರಿನಷ್ಟು ದೊಡ್ಡ, 2.4 ಗಿಗಾಹರ್ಟ್ಸ್ ಎಂಬ ವೈಫೈ ತರಂಗಪಟ್ಟಿ (ಬ್ಯಾಂಡ್) ಮಾತ್ರ ಹಿಡಿಯುವ ಅಡಾಪ್ಟರಿಗೆ 500 ರೂಪಾಯಿ ಆಸುಪಾಸು. 2.4 ಮತ್ತು 5 ಎರಡನ್ನೂ ಹಿಡಿಯುವುದಕ್ಕೆ ಅದರ ದುಪ್ಪಟ್ಟು. ದುಡ್ಡು ಹೊಂದುವುದಾದರೆ ಎರಡನೆಯದನ್ನೇ ತನ್ನಿ. ಜೊತೆಗೆ 1 ಮೀಟರಿನ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ತೆಗೆದುಕೊಳ್ಳುವುದನ್ನು ಮರೆಯಬೇಡಿ. ಅಡಾಪ್ಟರನ್ನು ಕ್ಯಾಬಿನೆಟ್ಟಿನ ಹಿಂದೆ ಚುಚ್ಚಿದರೆ ಒಂದು ಕಡೆ ಕಬ್ಬಿಣದ ಪೆಟ್ಟಿಗೆ, ಇನ್ನೊಂದು ಕಡೆ ಗೋಡೆ. ಸಿಗ್ನಲ್ ಅಲ್ಲೇ ಉಸಿರುಗಟ್ಟುತ್ತದೆ. ಪಕ್ಕದ ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟಿನಲ್ಲಿ ಹಾರ್ಡ್‌ಡಿಸ್ಕ್ ಓಡುತ್ತಿದ್ದರೆ ಇನ್ನೂ ಕಷ್ಟ, ಏಕೆಂದರೆ ಯುಎಸ್‌ಬಿ 3ರ ಓಡಾಟ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲೇ ಗದ್ದಲ ಎಬ್ಬಿಸುತ್ತದೆ. ಕೇಬಲ್ ಹಾಕಿ ಅಡಾಪ್ಟರನ್ನು ಮೇಜಿನ ಮೇಲಕ್ಕೆ ತಂದರೆ ಎಷ್ಟೋ ಮನೆಗಳಲ್ಲಿ ತೊಂದರೆಯೇ ಮಾಯವಾಗುತ್ತದೆ.

ಹೆಸರು ಮತ್ತು ಪಾಸ್‌ವರ್ಡ್

ನೆಟ್‌ವರ್ಕಿಗೆ ಕನ್ನಡದಲ್ಲೇ ಹೆಸರಿಡಬೇಕೆಂಬ ಆಸೆ ಸಹಜ, ಇಡಲೂಬಹುದು. ಆದರೆ ವೈಫೈ ಹೆಸರಿಗೆ ಇರುವ ಮಿತಿ 32 ಬೈಟ್. ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟ್ ಸಾಕಾದರೆ ಯೂನಿಕೋಡ್ ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ, ಪ್ರತಿ ಕಾಗುಣಿತದ ಗುರುತಿಗೂ, ಅನುಸ್ವಾರಕ್ಕೂ, ಒತ್ತು ಕೂಡಿಸುವ ಗುರುತಿಗೂ ಮೂರು ಮೂರು ಬೈಟ್ ಬೇಕು. ‘ಮೈಸೂರು’ ಎಂದರೆ 18 ಬೈಟ್, ಹಿಡಿಯುತ್ತದೆ. ‘ಮಂಡ್ಯ’ 15, ಅದೂ ಹಿಡಿಯುತ್ತದೆ. ‘ಚಾಮುಂಡಿ ಬೆಟ್ಟ’ 37 ಆಗುತ್ತದೆ, ಹಿಡಿಯುವುದಿಲ್ಲ. ಅದೂ ಅಲ್ಲದೆ ಹಳೆಯ ಯಂತ್ರಗಳ ಪಟ್ಟಿಯಲ್ಲಿ ಕನ್ನಡದ ಹೆಸರು ಬರೀ ಚೌಕಗಳಾಗಿ ಕಾಣುವುದುಂಟು. ಮನೆಯಲ್ಲಿ ಹಳೆಯ ಪ್ರಿಂಟರ್, ಹಳೆಯ ಲ್ಯಾಪ್‌ಟಾಪ್ ಇದ್ದರೆ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೇ ಇಡುವುದು ಕ್ಷೇಮ.

ಪಾಸ್‌ವರ್ಡಿಗೆ ಆ ಆಯ್ಕೆಯೂ ಇಲ್ಲ. ಅದು 8ರಿಂದ 63 ಅಕ್ಷರಗಳಷ್ಟಿರಬೇಕು, ಎಲ್ಲವೂ ಇಂಗ್ಲಿಷ್ ಕೀಲಿಮಣೆಯ ಅಕ್ಷರ, ಅಂಕಿ, ಚಿಹ್ನೆಗಳೇ ಆಗಿರಬೇಕು. ಹಾಗೆಂದು ಮೊಬೈಲ್ ನಂಬರನ್ನು ಪಾಸ್‌ವರ್ಡ್ ಮಾಡಬೇಡಿ. ಕೆಎ 09, ಕೆಎ 55, ಕೆಎ 11 ಎಂದು ಶುರುವಾಗುವ ಗಾಡಿಯ ನಂಬರನ್ನಂತೂ ಬೇಡವೇ ಬೇಡ. ಅದನ್ನು ಗೇಟಿನ ಮುಂದೆ ನಿಲ್ಲಿಸಿ ಊರಿಗೆಲ್ಲ ತೋರಿಸುತ್ತಿದ್ದೀರಿ. ಬರೀ ಅಂಕಿಗಳ ಪಾಸ್‌ವರ್ಡನ್ನು ಮುರಿಯುವ ತಂತ್ರಾಂಶಗಳು ಮೊದಲು ಪ್ರಯತ್ನಿಸುವುದೇ ಹತ್ತಂಕಿಯ ಫೋನ್ ನಂಬರುಗಳನ್ನು. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಒತ್ತಾಗಿ ಬರೆಯಿರಿ. ಏಣಿ, ಮಜ್ಜಿಗೆ, ಕಂಬಳಿ, ಹಲಸು ಎಂಬಂತೆ. ಮನೆಮಂದಿಗೆಲ್ಲ ನೆನಪಿರುತ್ತದೆ, ಹೊರಗಿನವರು ಊಹಿಸುವುದು ಕಷ್ಟ. ಇಲ್ಲಿ ಕೊಟ್ಟ ನಾಲ್ಕನ್ನೇ ಬಳಸಬೇಡಿ, ನಿಮ್ಮವೇ ಆರಿಸಿಕೊಳ್ಳಿ.

ವಿಂಡೋಸ್ 10 ಮತ್ತು 11ರಲ್ಲಿ

ವಿಂಡೋಸ್‌ನ ಮೊಬೈಲ್ ಹಾಟ್‌ಸ್ಪಾಟಿಗೆ ಒಂದು ಹಟವಿದೆ: ಹಂಚಲು ಯಾವುದಾದರೂ ಇಂಟರ್ನೆಟ್ ಸಂಪರ್ಕ ಇದ್ದರೆ ಮಾತ್ರ ಶುರುವಾಗುತ್ತದೆ. ಇಲ್ಲದಿದ್ದರೆ ಈಥರ್ನೆಟ್, ವೈಫೈ ಅಥವಾ ಸೆಲ್ಯುಲರ್ ಸಂಪರ್ಕ ಇಲ್ಲ ಎಂದು ಹೇಳಿ ನಿಂತುಬಿಡುತ್ತದೆ. ಸುಲಭದ ಉಪಾಯ ಯುಎಸ್‌ಬಿ ಟೆದರಿಂಗ್, ಅಂದರೆ ಫೋನಿನ ಇಂಟರ್ನೆಟ್ಟನ್ನು ಕೇಬಲ್ಲಿನಿಂದ ಕಂಪ್ಯೂಟರಿಗೆ ಕೊಡುವುದು.

1. ಫೋನನ್ನು ಡೇಟಾ ಕೇಬಲ್ಲಿನಿಂದ ಯಜಮಾನ ಕಂಪ್ಯೂಟರಿಗೆ ಜೋಡಿಸಿ. ಕೆಲವು ಅಗ್ಗದ ಕೇಬಲ್ಲುಗಳಲ್ಲಿ ಚಾರ್ಜಿಂಗ್ ತಂತಿ ಮಾತ್ರ ಇರುತ್ತದೆ. ಫೋನಿನಲ್ಲಿ ಟೆದರಿಂಗ್ ಆಯ್ಕೆ ಮಂಕಾಗಿ ಕಂಡರೆ ಮೊದಲು ಕೇಬಲ್ ಬದಲಿಸಿ.

2. ಫೋನಿನಲ್ಲಿ ಮೊಬೈಲ್ ಡೇಟಾ ಹಾಕಿ, ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡಿ. ಕಂಪ್ಯೂಟರ್ ಅದನ್ನು ಈಥರ್ನೆಟ್ ಎಂದೇ ಗುರುತಿಸುತ್ತದೆ. ವೈಫೈ ಕಾರ್ಡಿಗೆ ಬೇರೆ ಕೆಲಸವಿಲ್ಲದ್ದರಿಂದ ಅದು ಪೂರ್ತಿಯಾಗಿ ಹಾಟ್‌ಸ್ಪಾಟಿಗೇ ದುಡಿಯುತ್ತದೆ.

3. ಸೆಟ್ಟಿಂಗ್ಸ್‌ನಲ್ಲಿ ‘ನೆಟ್‌ವರ್ಕ್ ಅಂಡ್ ಇಂಟರ್ನೆಟ್’, ಅದರೊಳಗೆ ‘ಮೊಬೈಲ್ ಹಾಟ್‌ಸ್ಪಾಟ್’ ತೆರೆಯಿರಿ. ಯಾವ ಸಂಪರ್ಕವನ್ನು ಹಂಚಬೇಕು ಎಂಬಲ್ಲಿ ಈಥರ್ನೆಟ್, ಯಾವುದರ ಮೂಲಕ ಎಂಬಲ್ಲಿ ವೈಫೈ ಆರಿಸಿ.

4. ‘ಎಡಿಟ್’ ಒತ್ತಿ ಹೆಸರು, ಪಾಸ್‌ವರ್ಡ್, ಬ್ಯಾಂಡ್ ತುಂಬಿ. ಸೇರಬೇಕಾದ ಎಲ್ಲ ಯಂತ್ರಗಳೂ 5 ಗಿಗಾಹರ್ಟ್ಸ್ ಹಿಡಿಯುವುದಾದರೆ 5, ಒಂದಾದರೂ ಹಳೆಯದಿದ್ದರೆ 2.4.

5. ಯಾರೂ ಸೇರಿರದಿದ್ದಾಗ ಹಾಟ್‌ಸ್ಪಾಟ್ ತಾನಾಗಿ ಆರಿಹೋಗುವ ‘ಪವರ್ ಸೇವಿಂಗ್’ ಆಯ್ಕೆಯನ್ನು ಆಫ್ ಮಾಡಿ. ಇದನ್ನು ಬಿಟ್ಟರೆ ಮಹಡಿ ಹತ್ತಿ ಲ್ಯಾಪ್‌ಟಾಪ್ ತೆರೆಯುವಷ್ಟರಲ್ಲಿ ನೆಟ್‌ವರ್ಕೇ ಇರುವುದಿಲ್ಲ.

6. ಹಾಟ್‌ಸ್ಪಾಟ್ ಆನ್ ಮಾಡಿ. ಇನ್ನೊಂದು ಕಂಪ್ಯೂಟರಿನ ವೈಫೈ ಪಟ್ಟಿಯಲ್ಲಿ ಹೆಸರು ಆರಿಸಿ, ಪಾಸ್‌ವರ್ಡ್ ಕೊಟ್ಟು ಸೇರಿಸಿ. ಹೀಗೆ ಒಟ್ಟು 8 ಯಂತ್ರಗಳವರೆಗೆ ಸೇರಬಹುದು.

ಬಂದು ಸೇರಿದ ಕಂಪ್ಯೂಟರಿನಲ್ಲಿ ಆ ನೆಟ್‌ವರ್ಕಿನ ಪ್ರಾಪರ್ಟೀಸ್ ತೆರೆದು ‘ಮೀಟರ್ಡ್ ಕನೆಕ್ಷನ್’ ಆನ್ ಮಾಡಿಬಿಡಿ. ಫೋನಿನ ಡೇಟಾ ಅದಕ್ಕೂ ಸಿಗುತ್ತಿರುವುದರಿಂದ, ಬಿಟ್ಟರೆ ವಿಂಡೋಸ್ ಅಪ್‌ಡೇಟ್ ಆ ದಿನದ ಡೇಟಾವನ್ನೆಲ್ಲ ಮುಗಿಸಿಹಾಕುತ್ತದೆ.

5 ಗಿಗಾಹರ್ಟ್ಸ್ ಆರಿಸಿದಾಗ ಹಾಟ್‌ಸ್ಪಾಟ್ ಶುರುವಾಗದೆ ಹಟಹಿಡಿದರೆ ಗಾಬರಿ ಬೇಡ. ಭಾರತದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಗೆ 2005ರಿಂದ, 5 ಗಿಗಾಹರ್ಟ್ಸಿನ ವಿಸ್ತಾರ ಪಟ್ಟಿಗೆ 2018ರಿಂದ ಲೈಸೆನ್ಸ್ ಬೇಕಿಲ್ಲ, ಹಾಗಾಗಿ ಕಾನೂನಿನ ಅಡ್ಡಿಯಿಲ್ಲ. ಆದರೆ ಕೆಲವು ಕಾರ್ಡುಗಳು ತಾವು ಯಾವ ದೇಶದಲ್ಲಿದ್ದೇವೆಂದು ಖಾತ್ರಿಯಾಗುವವರೆಗೆ ಆ ಪಟ್ಟಿಯಲ್ಲಿ ತಾವಾಗಿ ಪ್ರಸಾರ ಶುರುಮಾಡುವುದಿಲ್ಲ. 2.4ಕ್ಕೆ ಬದಲಿಸಿ ಮುಂದುವರಿಯಿರಿ.

ಇಂಟರ್ನೆಟ್ಟೇ ಇಲ್ಲದಿದ್ದರೆ

ಆಗ ಎರಡು ದಾರಿ. ಮೊದಲನೆಯದು ಬಹಳ ಸಲೀಸು: ಫೋನನ್ನೇ ಯಜಮಾನ ಮಾಡುವುದು. ಆಂಡ್ರಾಯ್ಡ್ ಫೋನಿನಲ್ಲಿ ಮೊಬೈಲ್ ಡೇಟಾ ಆಫ್ ಮಾಡಿ, ಹಾಟ್‌ಸ್ಪಾಟ್ ಮಾತ್ರ ಆನ್ ಮಾಡಿ. ಎರಡೂ ಕಂಪ್ಯೂಟರುಗಳನ್ನು ಅದಕ್ಕೆ ಸೇರಿಸಿ. ‘ಇಂಟರ್ನೆಟ್ ಇಲ್ಲ’ ಎಂದು ವಿಂಡೋಸ್ ಗೊಣಗುತ್ತದೆ, ಗೊಣಗಲಿ. ಅವೆರಡರ ನಡುವಿನ ಮಾತುಕತೆಗೆ ಅದು ಅಡ್ಡಿಯಲ್ಲ. ಮೇಲೆ ಹೇಳಿದ ಅರ್ಧ ವೇಗದ ನಷ್ಟ ಇಲ್ಲಿ ಉಂಟು, ಏಕೆಂದರೆ ಎಲ್ಲವೂ ಫೋನಿನ ಮೂಲಕವೇ ದಾಟಬೇಕು. ಹೊಸ ಫೋನುಗಳು ಪ್ರತಿ ಸಲವೂ ಬೇರೆ ಬೇರೆ ವಿಳಾಸದ ಸರಣಿ ಕೊಡಬಹುದು. ಹಾಗಾಗಿ ನಿನ್ನೆಯ ವಿಳಾಸವನ್ನು ನಂಬದೆ ಪ್ರತಿ ಸಲ ನೋಡಿಕೊಳ್ಳಿ. ಹಳೆಯ ಲ್ಯಾಪ್‌ಟಾಪಿಗೆ ಫೋನಿನ ಹಾಟ್‌ಸ್ಪಾಟ್ ಹಿಡಿಯದಿದ್ದರೆ ಅದರ ಭದ್ರತೆಯನ್ನು ಡಬ್ಲ್ಯೂಪಿಎ 3ರಿಂದ ಡಬ್ಲ್ಯೂಪಿಎ 2ಕ್ಕೆ, ಬ್ಯಾಂಡನ್ನು 2.4ಕ್ಕೆ ಇಳಿಸಿ ನೋಡಿ.

ಎರಡನೆಯದು, ವಿಂಡೋಸ್ ಬದಲಿಗೆ ಬಳಸುವ ಉಚಿತ ವ್ಯವಸ್ಥೆಯಾದ ಲಿನಕ್ಸ್. ಅದರ ಒಂದು ಬಗೆಯಾದ ಉಬುಂಟುವಿನಲ್ಲಿ ಸೆಟ್ಟಿಂಗ್ಸ್, ವೈಫೈ, ಮೇಲಿನ ಮೂರು ಚುಕ್ಕೆ, ‘ಟರ್ನ್ ಆನ್ ವೈಫೈ ಹಾಟ್‌ಸ್ಪಾಟ್’. ಇಂಟರ್ನೆಟ್ ಇದೆಯೇ ಎಂದು ಅದು ಕೇಳುವುದೇ ಇಲ್ಲ. ಯಜಮಾನನ ವಿಳಾಸ 10.42.0.1 ಆಗುತ್ತದೆ. ಆದರೆ ವಿಂಡೋಸ್ ಯಂತ್ರಕ್ಕೆ ಫೋಲ್ಡರ್ ತೋರಿಸಲು ಸಾಂಬಾ ಎಂಬ ತಂತ್ರಾಂಶ ಬೇಕು, ಅದನ್ನು ಇಳಿಸಿಕೊಳ್ಳಲು ಇಂಟರ್ನೆಟ್ ಬೇಕು. ಅದನ್ನು ಮೊದಲೇ ಹಾಕಿಟ್ಟುಕೊಳ್ಳಿ.

ವಿಂಡೋಸ್ 7 ಅಥವಾ ಹಳೆಯ ಕಾರ್ಡಿನ ವಿಂಡೋಸ್ 10 ಇದ್ದವರಿಗೆ ‘ಹೋಸ್ಟೆಡ್ ನೆಟ್‌ವರ್ಕ್’ ಎಂಬ ಮೂರನೆಯ ದಾರಿಯೂ ಇದೆ. ಇದು ಕಮಾಂಡ್ ಪ್ರಾಂಪ್ಟಿನಲ್ಲಿ (ಆಜ್ಞೆಗಳನ್ನು ಟೈಪ್ ಮಾಡುವ ಕಪ್ಪು ಕಿಟಕಿ) ನೆಟ್‌ಶ್ ಎಂಬ ಆಜ್ಞೆಯಿಂದ ನಡೆಯುತ್ತದೆ (ಎನ್, ಇ, ಟಿ, ಎಸ್, ಎಚ್ ಎಂಬ ಅಕ್ಷರಗಳು). ‘ನೆಟ್‌ಶ್ ಡಬ್ಲ್ಯೂಲ್ಯಾನ್ ಶೋ ಡ್ರೈವರ್ಸ್’ ಎಂದು ಇಂಗ್ಲಿಷ್ ಅಕ್ಷರದಲ್ಲಿ (netsh wlan show drivers) ಕೊಟ್ಟರೆ ಬರುವ ಪಟ್ಟಿಯಲ್ಲಿ ‘ಹೋಸ್ಟೆಡ್ ನೆಟ್‌ವರ್ಕ್ ಸಪೋರ್ಟೆಡ್’ ಎಂಬುದರ ಮುಂದೆ ಯೆಸ್ ಇರಬೇಕು. ಹೊಸ ಡ್ರೈವರುಗಳಲ್ಲಿ ಅಲ್ಲಿ ನೋ ಎಂದಿರುವುದೇ ಹೆಚ್ಚು. ನೋ ಎಂದಿದ್ದರೆ ಅದರ ಹಿಂದೆ ಬಿದ್ದು ಹೊತ್ತು ಕಳೆಯಬೇಡಿ, ಫೋನಿನ ದಾರಿ ಹಿಡಿಯಿರಿ.

ವಿಳಾಸ ಬಂತೇ?

ಸೇರಿದ ಕಂಪ್ಯೂಟರಿನಲ್ಲಿ ವಿಂಡೋಸ್ ಕೀ ಜೊತೆ ಆರ್ ಒತ್ತಿ, ಸಿಎಂಡಿ (cmd) ಎಂದು ಟೈಪ್ ಮಾಡಿ, ಕಪ್ಪು ಕಿಟಕಿಯಲ್ಲಿ ಐಪಿಕಾನ್ಫಿಗ್ (ipconfig) ಆಜ್ಞೆ ಕೊಡಿ. ವೈಫೈ ಭಾಗದಲ್ಲಿ ಐಪಿವಿ4 ವಿಳಾಸ ನೋಡಿ.

ವಿಂಡೋಸ್ ಹಾಟ್‌ಸ್ಪಾಟ್ ಆದರೆ 192.168.137 ಎಂದು ಶುರುವಾಗಬೇಕು. ಯಜಮಾನನದು ಯಾವಾಗಲೂ 192.168.137.1. ಇದನ್ನು ಒಂದು ಚೀಟಿಯಲ್ಲಿ ಬರೆದು ಅಂಟಿಸಿಕೊಳ್ಳಿ, ಮುಂದೆ ಬೇಕು.

169.254 ಎಂದು ಶುರುವಾಗುವ ವಿಳಾಸ ಕಂಡರೆ ವೈಫೈ ಹಿಡಿದಿದೆ, ಆದರೆ ವಿಳಾಸ ಕೊಡುವವರು ಯಾರೂ ಉತ್ತರಿಸಿಲ್ಲ ಎಂದರ್ಥ. ಕಂಪ್ಯೂಟರ್ ತಾನೇ ಒಂದನ್ನು ಕಟ್ಟಿಕೊಂಡು ಕೂತಿದೆ. ಹಾಟ್‌ಸ್ಪಾಟನ್ನು ಒಮ್ಮೆ ಆಫ್ ಮಾಡಿ ಮತ್ತೆ ಆನ್ ಮಾಡಿ. ಆಗಲೂ ಬರದಿದ್ದರೆ ಯಜಮಾನನಲ್ಲಿ ಬೇರೆ ಕಂಪನಿಯ ಆಂಟಿವೈರಸ್ ಫೈರ್‌ವಾಲ್ (ಹೊರಗಿನ ಸಂಪರ್ಕಗಳನ್ನು ತಡೆಯುವ ಕಾವಲು ತಂತ್ರಾಂಶ) ಅಡ್ಡ ನಿಂತಿದೆಯೇ ನೋಡಿ. ಬಹುಪಾಲು ಅಲ್ಲೇ ಸಿಕ್ಕಿಬೀಳುತ್ತದೆ. ವಿಪಿಎನ್ ಓಡುತ್ತಿದ್ದರೆ ಅದನ್ನೂ ನಿಲ್ಲಿಸಿ.

ಲ್ಯಾನ್ ಕೇಬಲ್ಲಿನಿಂದ ನೇರ ಜೋಡಿಸಿದ್ದರೆ ವಿಳಾಸವನ್ನು ಕೈಯಾರೆ ಕೊಡುವುದು ಚೆನ್ನ. ಒಂದಕ್ಕೆ 192.168.50.1, ಇನ್ನೊಂದಕ್ಕೆ 192.168.50.2, ಎರಡಕ್ಕೂ ಸಬ್‌ನೆಟ್ ಮಾಸ್ಕ್ 255.255.255.0, ಗೇಟ್‌ವೇ ಖಾಲಿ.

ಇಷ್ಟಾದ ಮೇಲೆ ಪಿಂಗ್ ಮಾಡಲು, ಅಂದರೆ ಇನ್ನೊಂದು ಯಂತ್ರ ಉತ್ತರಿಸುತ್ತದೆಯೇ ಎಂದು ಕೂಗಿ ನೋಡಲು, ಕೈ ತುರಿಸುತ್ತದೆ. ಸ್ವಲ್ಪ ತಡೆಯಿರಿ. ವಿಂಡೋಸ್ ಫೈರ್‌ವಾಲ್ ಸಾಮಾನ್ಯವಾಗಿ ಪಿಂಗ್‌ಗೆ ಉತ್ತರ ಕೊಡುವುದಿಲ್ಲ. ಮುಂದಿನ ಹಂತದಲ್ಲಿ ಫೈಲ್ ಹಂಚಿಕೆ ತೆರೆದ ಮೇಲಷ್ಟೇ ಕೊಡುತ್ತದೆ. ಈಗಲೇ ಪಿಂಗ್ ಮಾಡಿ ಉತ್ತರ ಬರದಿದ್ದರೆ ಸರಿಯಾಗಿರುವ ಸಂಪರ್ಕವನ್ನೇ ಕೆಟ್ಟಿದೆ ಎಂದುಕೊಳ್ಳುತ್ತೀರಿ.

ಫೋಲ್ಡರ್ ಹಂಚುವುದು

ಒಂದೇ ಸಲ ನಾಲ್ಕಾರು ಫೋಟೊ ಕಳಿಸಿ ಮುಗಿಸುವುದಾದರೆ ಈ ಭಾಗವೇ ಬೇಡ. ಲೋಕಲ್‌ಸೆಂಡ್ ಎಂಬ ಉಚಿತ ತಂತ್ರಾಂಶವನ್ನು ಎರಡೂ ಕಡೆ ಹಾಕಿ, ಒಂದರಿಂದ ಕಳಿಸಿ, ಇನ್ನೊಂದರಲ್ಲಿ ಒಪ್ಪಿಕೊಳ್ಳಿ. ವಿಂಡೋಸ್, ಲಿನಕ್ಸ್, ಮ್ಯಾಕ್, ಫೋನು ಎಲ್ಲದರಲ್ಲೂ ನಡೆಯುತ್ತದೆ, ಇಂಟರ್ನೆಟ್ ಕೇಳುವುದಿಲ್ಲ. ದಿನಾ ಬಳಸುವ ಫೋಲ್ಡರ್ ಎರಡೂ ಕಡೆಯಿಂದ ತೆರೆಯಬೇಕು ಎಂದಾಗ ಮಾತ್ರ ವಿಂಡೋಸ್ ಹಂಚಿಕೆಗೆ ಇಳಿಯಿರಿ.

ಫೋನ್ ಯಜಮಾನನಾಗಿದ್ದರೆ ಅಥವಾ ಲ್ಯಾನ್ ಕೇಬಲ್ ಹಾಕಿದ್ದರೆ, ಇಲ್ಲಿಂದ ಮುಂದೆ ಯಜಮಾನ ಎಂದಲ್ಲಿ ಫೈಲಿರುವ ಕಂಪ್ಯೂಟರ್ ಎಂದು ಓದಿಕೊಳ್ಳಿ, 192.168.137.1ರ ಜಾಗದಲ್ಲಿ ಅದರ ವಿಳಾಸ ಬರೆಯಿರಿ. ಮೊದಲು ಯಜಮಾನನಲ್ಲಿ ಹಂಚಿಕೆಗೆಂದೇ ಒಂದು ಹೊಸ ಬಳಕೆದಾರ ಖಾತೆ ತೆರೆಯಿರಿ. ಸೆಟ್ಟಿಂಗ್ಸ್‌ನ ‘ಅಕೌಂಟ್ಸ್’, ‘ಅದರ್ ಯೂಸರ್ಸ್’, ‘ಆಡ್ ಅಕೌಂಟ್’. ಮೈಕ್ರೋಸಾಫ್ಟ್ ಖಾತೆ ಕೇಳಿದರೆ ಈ ವ್ಯಕ್ತಿಯ ಸೈನ್‌ಇನ್ ಮಾಹಿತಿ ನನ್ನಲ್ಲಿಲ್ಲ ಎಂಬುದನ್ನು ಒತ್ತಿ, ಮೈಕ್ರೋಸಾಫ್ಟ್ ಖಾತೆಯಿಲ್ಲದ ಬಳಕೆದಾರರನ್ನು ಸೇರಿಸುವ ಆಯ್ಕೆ ತೆಗೆದುಕೊಳ್ಳಿ. ಹೆಸರು ‘ಮನೆ’ ಎಂದು ಇಂಗ್ಲಿಷ್ ಅಕ್ಷರದಲ್ಲಿರಲಿ. ಪಾಸ್‌ವರ್ಡ್ ಕಡ್ಡಾಯ, ಖಾಲಿ ಪಾಸ್‌ವರ್ಡಿನ ಖಾತೆಯನ್ನು ವಿಂಡೋಸ್ ನೆಟ್‌ವರ್ಕಿನಿಂದ ಒಳಗೆ ಬಿಡುವುದಿಲ್ಲ.

ಈ ಹೆಚ್ಚುವರಿ ಖಾತೆ ಯಾಕೆ ಎಂದು ಕೇಳುವವರಿದ್ದಾರೆ. ದಿನಾ ಪಿನ್ ಒತ್ತಿ ಕಂಪ್ಯೂಟರ್ ತೆರೆಯುತ್ತೀರಲ್ಲ, ಆ ಪಿನ್ ಆ ಯಂತ್ರದ ಮುಂದೆ ಕೂತವರಿಗೆ ಮಾತ್ರ. ನೆಟ್‌ವರ್ಕಿನಲ್ಲಿ ಅದು ನಡೆಯುವುದಿಲ್ಲ, ಖಾತೆಯ ಪೂರ್ತಿ ಪಾಸ್‌ವರ್ಡೇ ಬೇಕು. ಅದು ಎಷ್ಟೋ ಮಂದಿಗೆ ಮರೆತೇಹೋಗಿರುತ್ತದೆ. ‘ಪಾಸ್‌ವರ್ಡ್ ಸರಿಯಿದೆ, ಆದರೂ ತಪ್ಪು ಎನ್ನುತ್ತದೆ’ ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಈ ಪಿನ್ನೇ. ಪಾಸ್‌ವರ್ಡ್ ರಕ್ಷಣೆಯನ್ನೇ ಆಫ್ ಮಾಡಿಬಿಡಿ ಎಂದು ಹಳೆಯ ವಿಡಿಯೊಗಳು ಹೇಳುತ್ತವೆ. ಅದು ಅಪಾಯ, ಜೊತೆಗೆ ವಿಂಡೋಸ್ 11ರ ಹೊಸ ಪ್ರೊ ಆವೃತ್ತಿಗಳಲ್ಲಿ ನಡೆಯುವುದೂ ಇಲ್ಲ. ಹೆಸರು ಹೇಳದೆ ಬರುವ ಅತಿಥಿ ಪ್ರವೇಶವನ್ನು ಅವು ಮೂಲದಲ್ಲೇ ಮುಚ್ಚಿಟ್ಟಿವೆ.

ಈಗ ಫೋಲ್ಡರ್. ಹಂಚಲೆಂದೇ ಒಂದನ್ನು ಮಾಡಿ, ಇಡೀ ಸಿ ಡ್ರೈವನ್ನು ಮಾತ್ರ ಹಂಚಬೇಡಿ. ಫೋಲ್ಡರಿನ ಮೇಲೆ ಬಲ ಕ್ಲಿಕ್, ‘ಪ್ರಾಪರ್ಟೀಸ್’, ‘ಶೇರಿಂಗ್’, ‘ಶೇರ್’. ಪಟ್ಟಿಯಲ್ಲಿ ಹೊಸ ಖಾತೆಯನ್ನು ಸೇರಿಸಿ, ಬರೀ ಓದುವುದಾದರೆ ‘ರೀಡ್’, ಫೈಲ್ ಹಾಕಲೂ ಬೇಕಿದ್ದರೆ ‘ರೀಡ್/ರೈಟ್’ ಕೊಡಿ. ಈ ‘ಶೇರ್’ ಗುಂಡಿಯ ಅನುಕೂಲವೆಂದರೆ ಹಂಚಿಕೆಯ ಅನುಮತಿ ಮತ್ತು ‘ಸೆಕ್ಯುರಿಟಿ’ ಪುಟದ ಅನುಮತಿ ಎರಡನ್ನೂ ಒಟ್ಟಿಗೇ ಹೊಂದಿಸುತ್ತದೆ. ‘ಅಡ್ವಾನ್ಸ್ಡ್ ಶೇರಿಂಗ್’ ದಾರಿಯಲ್ಲಿ ಹೋದರೆ ಅವೆರಡನ್ನೂ ನೀವೇ ಬೇರೆ ಬೇರೆ ಕೊಡಬೇಕು. ಎರಡರಲ್ಲಿ ಯಾವುದು ಬಿಗಿಯೋ ಅದರ ಮಾತೇ ನಡೆಯುತ್ತದೆ. ಫೋಲ್ಡರ್ ಕಾಣುತ್ತದೆ, ಆದರೆ ಫೈಲ್ ಉಳಿಸಲು ಬಿಡುವುದಿಲ್ಲ ಎಂದಾದರೆ ನೋಡಬೇಕಾದ ಜಾಗ ಇದೇ.

ಮುಂದೆ ‘ಅಡ್ವಾನ್ಸ್ಡ್ ಶೇರಿಂಗ್ ಸೆಟ್ಟಿಂಗ್ಸ್’ ತೆರೆದು ‘ನೆಟ್‌ವರ್ಕ್ ಡಿಸ್ಕವರಿ’, ‘ಫೈಲ್ ಅಂಡ್ ಪ್ರಿಂಟರ್ ಶೇರಿಂಗ್’ ಎರಡನ್ನೂ ಆನ್ ಮಾಡಿ. ಸೇರಿದ ಕಂಪ್ಯೂಟರಿನಲ್ಲಿ ಈ ವೈಫೈಯನ್ನು ‘ಪ್ರೈವೇಟ್’ ಎಂದು ಗುರುತಿಸಿ. ಯಜಮಾನನ ಕಡೆ ಒಂದು ಗುಪ್ತ ತೊಡಕಿದೆ. ಹಾಟ್‌ಸ್ಪಾಟಿನ ಬದಿಗೆ ಅಂಥ ಗುಂಡಿ ಸೆಟ್ಟಿಂಗ್ಸ್‌ನಲ್ಲಿ ಕಾಣುವುದಿಲ್ಲ, ಗುರುತು ಸಿಗದ ನೆಟ್‌ವರ್ಕನ್ನು ವಿಂಡೋಸ್ ‘ಪಬ್ಲಿಕ್’ ಎಂದೇ ಎಣಿಸುತ್ತದೆ, ಪಬ್ಲಿಕ್ ಎಂದರೆ ಬಾಗಿಲು ಹಾಕಿಕೊಳ್ಳುತ್ತದೆ. ಆಗ ವಿಂಡೋಸ್ ಸೆಕ್ಯುರಿಟಿಯಲ್ಲಿ ಫೈರ್‌ವಾಲ್ ಪುಟಕ್ಕೆ ಹೋಗಿ, ತಂತ್ರಾಂಶಗಳಿಗೆ ಅನುಮತಿ ಕೊಡುವ ಪಟ್ಟಿಯಲ್ಲಿ ‘ಫೈಲ್ ಅಂಡ್ ಪ್ರಿಂಟರ್ ಶೇರಿಂಗ್’ ಮುಂದಿನ ಪಬ್ಲಿಕ್ ಚೌಕಕ್ಕೂ ಗುರುತು ಹಾಕಿ. ಆ ಲ್ಯಾಪ್‌ಟಾಪನ್ನು ಕಾಲೇಜಿಗೋ ರೈಲು ನಿಲ್ದಾಣಕ್ಕೋ ಕೊಂಡೊಯ್ಯುವ ಮುಂಚೆ ಈ ಗುರುತನ್ನು ತಪ್ಪದೆ ತೆಗೆಯಿರಿ. ತೆಗೆಯದಿದ್ದರೆ ಅಲ್ಲಿನ ವೈಫೈಗೂ ನಿಮ್ಮ ಬಾಗಿಲು ತೆರೆದೇ ಇರುತ್ತದೆ.

ಈಗ ಸೇರಿದ ಕಂಪ್ಯೂಟರಿನ ಕಪ್ಪು ಕಿಟಕಿಯಲ್ಲಿ ಪಿಂಗ್ ಮಾಡಿ: ping 192.168.137.1. ನಾಲ್ಕು ಉತ್ತರ ಬಂದರೆ ವಿಂಡೋಸ್ ಕೀ ಜೊತೆ ಆರ್ ಒತ್ತಿ \\192.168.137.1 ಎಂದು ಬರೆದು ಎಂಟರ್ ಕೊಡಿ. ಹೆಸರು ಕೇಳಿದಾಗ ಯಜಮಾನ ಕಂಪ್ಯೂಟರಿನ ಹೆಸರು, ಒಂದು ಹಿಂದೋರೆ ಗೆರೆ (\), ಆಮೇಲೆ ಖಾತೆಯ ಹೆಸರು, ಈ ಕ್ರಮದಲ್ಲಿ ಬರೆಯಿರಿ. ಫೋಲ್ಡರ್ ಕಂಡ ಕೂಡಲೇ ಬಲ ಕ್ಲಿಕ್ ಮಾಡಿ ‘ಮ್ಯಾಪ್ ನೆಟ್‌ವರ್ಕ್ ಡ್ರೈವ್’ ಕೊಟ್ಟರೆ ಮುಂದಿನ ಸಲದಿಂದ ಅದು ಇನ್ನೊಂದು ಡ್ರೈವಿನಂತೆಯೇ ಕೂತಿರುತ್ತದೆ.

80070035 ಎಂದು ಮುಗಿಯುವ ಎರರ್ ಬಂದರೆ ದಾರಿಯೇ ಸಿಗಲಿಲ್ಲ ಎಂದರ್ಥ: ವಿಳಾಸ ಅಥವಾ ಫೈರ್‌ವಾಲ್ ನೋಡಿ. 80070005 ಎಂದರೆ ಬಾಗಿಲವರೆಗೆ ಬಂದಿದ್ದೀರಿ, ಒಳಗೆ ಬಿಡುತ್ತಿಲ್ಲ: ಅನುಮತಿ ನೋಡಿ. 1219 ಬಂದರೆ ಅದೇ ಯಂತ್ರಕ್ಕೆ ಮೊದಲೇ ಬೇರೆ ಹೆಸರಿನಲ್ಲಿ ಒಳಹೋಗಿದ್ದೀರಿ. ಒಮ್ಮೆ ಸೈನ್ ಔಟ್ ಮಾಡಿ ಬನ್ನಿ. ‘ನೆಟ್‌ವರ್ಕ್’ ಕಿಟಕಿಯಲ್ಲಿ ಇನ್ನೊಂದು ಕಂಪ್ಯೂಟರಿನ ಚಿತ್ರ ಕಾಣುತ್ತಿಲ್ಲ ಎಂಬುದಕ್ಕೆ ಮಾತ್ರ ತಲೆ ಕೆಡಿಸಿಕೊಳ್ಳಬೇಡಿ. ವಿಳಾಸ ಬರೆದು ತೆರೆದರೆ ತೆರೆಯುತ್ತದೆ ಎಂದಾದ ಮೇಲೆ ಆ ಚಿತ್ರದಿಂದ ಆಗಬೇಕಾದ್ದೇನೂ ಇಲ್ಲ.

ಗೋಡೆ, ಜಾಗ, ವೇಗ

ಡಬ್ಬದ ಮೇಲಿನ ಅಂಕಿಯನ್ನು ನಂಬಿ ಲೆಕ್ಕ ಹಾಕಬೇಡಿ. ಒಂದು ಆಂಟೆನಾದ ಪುಟ್ಟ ಅಡಾಪ್ಟರ್ 2.4 ಗಿಗಾಹರ್ಟ್ಸಿನ 20 ಮೆಗಾಹರ್ಟ್ಸ್ ಅಗಲದಲ್ಲಿ ಮುಟ್ಟುವುದು 72 ಎಂಬಿಪಿಎಸ್, ಅದರಲ್ಲಿ ಫೈಲಿಗೆ ದಕ್ಕುವುದು ಅರ್ಧ. ಅಂದರೆ ಸೆಕೆಂಡಿಗೆ 4ರಿಂದ 5 ಎಂಬಿ. 4 ಜಿಬಿಯ ಮದುವೆ ವಿಡಿಯೊಗೆ ಸುಮಾರು 15 ನಿಮಿಷ. ಅದೇ ಕೋಣೆಯಲ್ಲಿ 5 ಗಿಗಾಹರ್ಟ್ಸ್, ಎರಡು ಆಂಟೆನಾ ಇದ್ದರೆ ಎರಡು ನಿಮಿಷದ ಆಸುಪಾಸು.

ಗೋಡೆಯ ಲೆಕ್ಕ ಬೇರೆ. ಅಗ್ರಹಾರದ ಹಳೆಯ ಮನೆಗಳ ದಪ್ಪ ಗೋಡೆ 5 ಗಿಗಾಹರ್ಟ್ಸನ್ನು ಬಹುಮಟ್ಟಿಗೆ ನುಂಗಿಹಾಕುತ್ತದೆ, ಅಲ್ಲಿ 2.4 ವಾಸಿ. ಹಳ್ಳಿಯ ತೊಟ್ಟಿಮನೆಯಲ್ಲಿ ತೊಟ್ಟಿಯ ಬಯಲು ನಿಮ್ಮ ಗೆಳೆಯ: ಗೋಡೆಯ ಮೂಲಕ ನುಗ್ಗಿಸುವ ಬದಲು ಎರಡೂ ಯಂತ್ರಗಳನ್ನು ತೊಟ್ಟಿಯ ಕಡೆ ಬಾಗಿಲಿರುವ ಕೋಣೆಗಳಲ್ಲಿಟ್ಟರೆ ಸಿಗ್ನಲ್ ಬಾಗಿಲಿಂದ ಬಾಗಿಲಿಗೆ ಹೋಗುತ್ತದೆ. ಕಾಂಕ್ರೀಟ್ ಮಹಡಿಯ ಮನೆಯಲ್ಲಿ ಮೆಟ್ಟಿಲಿನ ತೆರವೇ ದಾರಿ. ಕಬ್ಬಿಣದ ಬೀರು, ದೊಡ್ಡ ಕನ್ನಡಿ, ತುಂಬಿದ ನೀರಿನ ಡ್ರಮ್ ಇವು ನಡುವೆ ಬರದಂತೆ ನೋಡಿಕೊಳ್ಳಿ. ಮೈಕ್ರೋವೇವ್ ಓವನ್ ಕೂಡ 2.45 ಗಿಗಾಹರ್ಟ್ಸಿನಲ್ಲೇ ಕೆಲಸ ಮಾಡುವುದರಿಂದ, ಅದು ಓಡುವಷ್ಟು ಹೊತ್ತು ವೇಗ ಕುಸಿಯುವುದು ಸಹಜ.

ನಡುನಡುವೆ ಕಡಿದುಹೋಗುವ ತೊಂದರೆಗೆ ಮಾತ್ರ ಗೋಡೆಯನ್ನು ಬೈಯುವ ಮುಂಚೆ ಯಜಮಾನನ ನಿದ್ದೆ ನೋಡಿ. ಪವರ್ ಆಪ್ಷನ್ಸ್‌ನಲ್ಲಿ ಪ್ಲಗ್ ಹಾಕಿದ್ದಾಗ ಸ್ಲೀಪ್ ‘ನೆವರ್’, ಮುಚ್ಚಳ ಮುಚ್ಚಿದಾಗ ‘ಡೂ ನಥಿಂಗ್’ ಇರಲಿ. ಡಿವೈಸ್ ಮ್ಯಾನೇಜರಿನಲ್ಲಿ ವೈಫೈ ಕಾರ್ಡಿನ ‘ಪವರ್ ಮ್ಯಾನೇಜ್‌ಮೆಂಟ್’ ಪುಟ ಇದ್ದರೆ, ವಿದ್ಯುತ್ ಉಳಿಸಲು ಕಾರ್ಡನ್ನು ಆಫ್ ಮಾಡಬಹುದು ಎಂಬ ಗುರುತು ತೆಗೆಯಿರಿ.

ನಾಲ್ಕೈದು ಯಂತ್ರ ಸೇರಿ, ಸಿಸಿಟಿವಿಯೂ ಬಂದು, ಇಡೀ ದಿನ ನೆಟ್‌ವರ್ಕ್ ಬೇಕಾದಾಗ ಒಂದು ಸಣ್ಣ ರೂಟರ್ ತರುವುದೇ ಸರಿ. ಅದಕ್ಕಾಗಿ ಒಂದು ಕಂಪ್ಯೂಟರನ್ನು ಹಗಲು ರಾತ್ರಿ ಓಡಿಸುವುದು ಕರೆಂಟಿಗೂ ದಂಡ, ಯಂತ್ರಕ್ಕೂ ದಂಡ.

ಪ್ರಿಂಟರ್ ಮತ್ತು ನುಡಿ ಫೈಲುಗಳು

ಯಜಮಾನನಿಗೆ ಯುಎಸ್‌ಬಿ ಪ್ರಿಂಟರ್ ಜೋಡಿಸಿದ್ದರೆ ‘ಪ್ರಿಂಟರ್ ಪ್ರಾಪರ್ಟೀಸ್’, ‘ಶೇರಿಂಗ್’ ಪುಟದಲ್ಲಿ ಅದನ್ನೂ ಹಂಚಬಹುದು. ಹಂಚಿಕೆಯ ಹೆಸರು ಚಿಕ್ಕದಿರಲಿ, ನಡುವೆ ಖಾಲಿ ಜಾಗ ಬೇಡ. ಇನ್ನೊಂದು ಕಂಪ್ಯೂಟರಿನಲ್ಲಿ ಅದೇ ಮಾಡೆಲ್ಲಿನ ಡ್ರೈವರನ್ನು ಮೊದಲೇ ಹಾಕಿಟ್ಟುಕೊಂಡು, \\192.168.137.1 ತೆರೆದು ಪ್ರಿಂಟರಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ.

ಕನ್ನಡದ ಫೈಲುಗಳ ವಿಷಯದಲ್ಲಿ ಒಂದು ಎಚ್ಚರ. ಯೂನಿಕೋಡಿನಲ್ಲಿ ಬರೆದ ಫೈಲಾಗಲಿ ಕನ್ನಡದ ಫೈಲ್ ಹೆಸರಾಗಲಿ ಯಾವ ತೊಂದರೆಯೂ ಇಲ್ಲದೆ ದಾಟುತ್ತವೆ. ಆದರೆ ಹಳೆಯ ನುಡಿ ಅಥವಾ ಬರಹದ ಯೂನಿಕೋಡೇತರ ಫಾಂಟಿನಲ್ಲಿ ಬರೆದ ಪತ್ರವನ್ನು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದಾಗ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಕಾಣಬಹುದು. ಫೈಲ್ ಕೆಟ್ಟಿಲ್ಲ, ನೆಟ್‌ವರ್ಕೂ ಕೆಟ್ಟಿಲ್ಲ. ಆ ಯಂತ್ರದಲ್ಲಿ ಆ ಫಾಂಟ್ ಇಲ್ಲ, ಅಷ್ಟೇ. ಹಾಗೇ ‘ಸೇವ್’ ಒತ್ತದೆ ಫೈಲನ್ನು ಮುಚ್ಚಿ. ಮೂಲ ಕಂಪ್ಯೂಟರಿನ ವಿಂಡೋಸ್ ಫೋಲ್ಡರಿನೊಳಗಿನ ‘ಫಾಂಟ್ಸ್’ನಿಂದ ಆ ಫಾಂಟ್ ಫೈಲನ್ನು ಈಗಷ್ಟೇ ಹಂಚಿದ ಫೋಲ್ಡರಿಗೆ ನಕಲಿಸಿ, ಇನ್ನೊಂದು ಕಡೆ ಬಲ ಕ್ಲಿಕ್ ಮಾಡಿ ‘ಇನ್‌ಸ್ಟಾಲ್’ ಕೊಟ್ಟು, ಪತ್ರವನ್ನು ಮತ್ತೆ ತೆರೆಯಿರಿ.